ದ್ರಾಕ್ಷಿಯ ತೋಟದಲ್ಲಿ ನಾಲ್ಕು ದಿನ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟು, ದೇವನಹಳ್ಳಿಯನ್ನು ಹಿಂದಿಕ್ಕಿ, ದೊಡ್ಡಬಳ್ಳಾಪುರದ ಕಡೆಗೋ ಚಿಕ್ಕಬಳ್ಳಾಪುರದ ಕಡೆಗೋ ಸಾಗುವ ಪ್ರಯಾಣಿಕನಿಗೆ, ನಂದಿಬೆಟ್ಟದ ಶ್ರೇಣಿ ದಿಗಂತದಲ್ಲಿ ಮೇಲೇಳುವ ಹೊತ್ತಿಗೆ, ಮಾರ್ಗದ ಇಕ್ಕೆಲಗಳಲ್ಲಿಯೂ ಕಲ್ಲುಕಂಬಗಳನ್ನು ನೆಟ್ಟು, ಅವುಗಳ ತಲೆಗೆ ತಂತಿಯ ಜಾಲವನ್ನು ಬಿಗಿದು, ಆ ಜಾಲದ ಮೇಲೆ ಹಬ್ಬಿಸಿರುವ ದ್ರಾಕ್ಷಿಯ ಚಪ್ಪರಗಳು ಒಂದೊಂದಾಗಿ ಕಾಣಿಸತೊಡಗುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ಪ್ರಸ್ಥಭೂಮಿಯ ಕೆಂಪು ಮಣ್ಣಿನಲ್ಲಿ, ಹಗಲಿನ ಬಿಸಿಲೂ ಇರುಳಿನ ತಂಪೂ ಹಿತವಾಗಿ ಬೆರೆಯುವ ಹವೆಯಲ್ಲಿ, ಬೆಂಗಳೂರು ಬ್ಲೂ ಎಂದು ಹೆಸರಾದ ಕಪ್ಪು ದ್ರಾಕ್ಷಿಯನ್ನು ಸುಮಾರು ಒಂದೂವರೆ ಶತಮಾನದಿಂದ ಬೆಳೆಯುತ್ತ ಬಂದಿದ್ದಾರೆ; ಆ ತಳಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ವಾರಾಂತ್ಯದ ಬೆಳಗಿನ ಜಾವಗಳಲ್ಲಿ ಈ ಮಾರ್ಗದ ತುಂಬ ವಾಹನಗಳೇ. 1,478 ಮೀಟರು ಎತ್ತರದ ಬೆಟ್ಟದ ನೆತ್ತಿಯಿಂದ ಸೂರ್ಯೋದಯವನ್ನು ನೋಡಬೇಕೆಂದು ಧಾವಿಸುವ ನಗರವಾಸಿಗಳು, ಆ ಉದಯವನ್ನು ಮೊಬೈಲಿನ ಪರದೆಯ ಮೂಲಕವೇ ನೋಡಿ, ಮಧ್ಯಾಹ್ನದೊಳಗೆ ಮನೆಗೆ ಹಿಂದಿರುಗುತ್ತಾರೆ. ಬೆಟ್ಟದ ಬುಡದಲ್ಲಿ ಹಬ್ಬಿ ನಿಂತಿರುವ ಈ ಹಸುರಿನ ನಡುವೆ ನಾಲ್ಕು ದಿನ ತಂಗಿದ್ದು, ಪರದೆ ಎಂಬುದನ್ನೇ ಕಣ್ಣಿಗೆ ತೋರಿಸದೆ ದೇಹಮನಸ್ಸುಗಳನ್ನು ಹಗುರಮಾಡಿಕೊಂಡು ಬರಬಹುದೆಂಬ ಯೋಚನೆ ಬರುವುದು ಕೆಲವರಿಗೆ ಮಾತ್ರ. ಅಂಥ ಯೋಚನೆ ಬಂದವರಿಗೆ ನೆರವಾಗಲೆಂದು ಈ ಲೇಖನ.

ಪರದೆಯಿಂದ ಬರುವ ಆಯಾಸದ ಸ್ವರೂಪವೇನೆಂಬುದನ್ನು ಮೊದಲು ತಿಳಿದುಕೊಂಡರೆ ಅದರ ಪರಿಹಾರವನ್ನು ಯಾವ ಸ್ಥಳದಲ್ಲಿ ಹುಡುಕಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಸಣ್ಣ ಸ್ನಾಯುವೊಂದು ಸಂಕುಚಿತವಾಗಿ ಮಸೂರವನ್ನು ಉಬ್ಬಿಸಿ ಹಿಡಿದಿರುತ್ತದೆ. ದೂರಕ್ಕೆ ದೃಷ್ಟಿ ಹಾಯಿಸಿದಾಗ ಅದು ಸಡಿಲಗೊಳ್ಳುತ್ತದೆ. ದಿನವೆಲ್ಲ ಒಂದು ಗೇಣು, ಒಂದು ಮೊಳದ ದೂರದಲ್ಲಿಯೇ ದೃಷ್ಟಿಯನ್ನು ನೆಟ್ಟು ಕುಳಿತವರ ಕಣ್ಣಿಗೆ ಈ ಸಡಿಲಿಕೆಯ ಭಾಗ್ಯ ಒದಗುವುದೇ ಇಲ್ಲ. ಜೊತೆಗೆ, ಪರದೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಮೆಯಾಗಿ ಕಣ್ಣು ಒಣಗುತ್ತದೆ. ಇದು ಕಣ್ಣಿನ ಮಾತಾಯಿತು. ಮನಸ್ಸಿನ ಆಯಾಸ ಇನ್ನೂ ಆಳವಾದದ್ದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿದ್ದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿಗಳು ಈ ವಿಷಯದಲ್ಲಿ ದೀರ್ಘಕಾಲ ಚಿಂತನೆ ನಡೆಸಿ, ಮನುಷ್ಯನ ಅವಧಾನವನ್ನು ಎರಡು ಬಗೆಯಾಗಿ ವಿಂಗಡಿಸಿದರು: ಬೇಡದ್ದನ್ನು ಬದಿಗೊತ್ತಿ ಬೇಕಾದುದರ ಮೇಲೆ ಬಲವಂತವಾಗಿ ಮನಸ್ಸನ್ನು ನಿಲ್ಲಿಸುವುದು ಒಂದು, ಅದು ಬೇಗ ಬಳಲುತ್ತದೆ, ಹರಿಯುವ ನೀರು, ಅಲುಗುವ ಎಲೆ, ತೇಲುವ ಮೋಡ ಇಂಥವುಗಳ ಮೇಲೆ ಪ್ರಯತ್ನವಿಲ್ಲದೆ ಮನಸ್ಸು ನೆಲೆಸುವುದು ಇನ್ನೊಂದು, ಅದು ನಡೆಯುತ್ತಿರುವಾಗ ಮೊದಲನೆಯದು ಚೇತರಿಸಿಕೊಳ್ಳುತ್ತದೆ. 1989ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಈ ಸಿದ್ಧಾಂತದ ವಿಸ್ತಾರವಾದ ನಿರೂಪಣೆಯಿದೆ. ಪರದೆಯೂ ನಮ್ಮನ್ನು ಸೆಳೆಯುತ್ತದೆಯಷ್ಟೆ. ಆದರೆ ಅದು ಒಂದಾದಮೇಲೊಂದು ಕರೆಯಿಂದ ಸೆಳೆಯುವುದೇ ಹೊರತು, ಸೆಳೆದ ಮೇಲೆ ಮನಸ್ಸನ್ನು ಅದರ ಪಾಡಿಗೆ ಬಿಡುವುದಿಲ್ಲ.

ಇನ್ನು ನಿದ್ರೆ. ಹಾರ್ವರ್ಡಿನ ವೈದ್ಯಶಾಲೆಗೆ ಸೇರಿದ ಸಂಶೋಧಕರು 2014ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಮಂದಿಯನ್ನು ಕೆಲವು ರಾತ್ರಿ ಬೆಳಕು ಸೂಸುವ ಪರದೆಯ ಮೇಲೂ ಕೆಲವು ರಾತ್ರಿ ಮುದ್ರಿತ ಪುಸ್ತಕದಲ್ಲೂ ಓದಿಸಿ ಪರೀಕ್ಷಿಸಿದಾಗ, ಪರದೆಯಲ್ಲಿ ಓದಿದ ರಾತ್ರಿಗಳಲ್ಲಿ ನಿದ್ರೆ ತಡವಾಗಿ ಬಂದಿತಲ್ಲದೆ, ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ರಸವೂ ಕುಗ್ಗಿತ್ತು. ಮರುದಿನ ಬೆಳಗ್ಗೆ ಮಂಪರೂ ಹೆಚ್ಚಾಗಿತ್ತು. ಹನ್ನೆರಡು ಜನರ ಪರೀಕ್ಷೆ ದೊಡ್ಡದೇನೂ ಅಲ್ಲವಾದರೂ, ಮನೆಮನೆಯ ಅನುಭವ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ಇಲ್ಲಿ ಒಂದು ಎಚ್ಚರದ ಮಾತನ್ನು ಹೇಳಿಬಿಡಬೇಕು. ಆಯಾಸಗೊಂಡವರಿಗೆ ವಿಶ್ರಾಂತಿ ಸಾಕು. ಆದರೆ ಮೊಬೈಲಿನ ಬಳಕೆ ವ್ಯಸನದ ಮಟ್ಟವನ್ನು ಮುಟ್ಟಿ, ಓದು, ಉದ್ಯೋಗ, ದಾಂಪತ್ಯಗಳನ್ನು ಕೆಡಿಸುತ್ತಿದ್ದರೆ ಅದಕ್ಕೆ ತೋಟದ ವಾಸ ಚಿಕಿತ್ಸೆಯಾಗದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಷಟ್ ಕ್ಲಿನಿಕ್ ಎಂಬ ವಿಭಾಗ ಇಂಥ ತೊಂದರೆಗಾಗಿಯೇ ನಡೆಯುತ್ತಿದೆ. ಅಗತ್ಯವುಳ್ಳವರು ಮೊದಲು ಅಲ್ಲಿಗೆ ಹೋಗಬೇಕು.

ವಿಶ್ರಾಂತಿಗೆ ಸಮುದ್ರತೀರವೂ ಉಂಟು, ಮಲೆನಾಡಿನ ಕಾಡೂ ಉಂಟು. ದ್ರಾಕ್ಷಿಯ ತೋಟವನ್ನೇ ಏಕೆ ಆರಿಸಬೇಕೆಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಬಲವಾದ ಕಾರಣವಿದೆ. ಪರದೆಯನ್ನು ದೂರವಿಟ್ಟವರನ್ನು ಕಾಡುವುದು ಕೈ ಬರಿದಾಗಿರುವ ಸಂಕಟ. ಸಮುದ್ರವನ್ನಾಗಲಿ ಕಾಡನ್ನಾಗಲಿ ಒಂದು ಗಂಟೆ ನೋಡಿದಮೇಲೆ, ಮಾಡಲು ಏನೂ ಇಲ್ಲದ ಕೈ ತಾನಾಗಿಯೇ ಜೇಬಿನ ಕಡೆಗೆ ಹೋಗುತ್ತದೆ. ತೋಟವಾದರೋ ದುಡಿಮೆಯ ನೆಲ. ಅಲ್ಲಿ ನೋಡುವುದಕ್ಕೆ ಕೆಲಸವಿದೆ, ಕೇಳುವುದಕ್ಕೆ ಕೆಲಸಗಾರರ ಮಾತಿದೆ, ಒಡೆಯನ ಅಪ್ಪಣೆಯಿದ್ದರೆ ಮಾಡುವುದಕ್ಕೂ ಕೈಗೆಟಕುವಂಥ ಸಣ್ಣ ಕೆಲಸವಿದೆ. ಎಲೆಯ ಅಡಿಯಲ್ಲಿ ಅಡಗಿರುವ ಗೊಂಚಲನ್ನು ಹತ್ತಿರದಿಂದ ಪರೀಕ್ಷಿಸಿದ ಕಣ್ಣು, ತಲೆಯೆತ್ತಿದೊಡನೆ ಸಾಲಿನುದ್ದಕ್ಕೂ ಹರಿದು ಬೆಟ್ಟದ ಅಂಚಿನಲ್ಲಿ ನಿಲ್ಲುತ್ತದೆ; ಸಮೀಪ ದೂರಗಳ ನಡುವಿನ ಈ ಓಡಾಟ, ಕಣ್ಣಿನ ವೈದ್ಯರು ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿರೆಂದು ಹೇಳುವ ಉಪದೇಶವನ್ನು ಯಾರೂ ನೆನಪಿಸದೆಯೇ ನೆರವೇರಿಸಿಬಿಡುತ್ತದೆ. ಇದಕ್ಕಿಂತಲೂ ಮುಖ್ಯವಾದದ್ದು ಬಳ್ಳಿಯ ಕಾಲಗತಿ. ಅದನ್ನು ಅವಸರಪಡಿಸಲು ಯಾರಿಗೂ ಬಾರದು.

ಆ ಕಾಲಗತಿಯನ್ನು ಅರಿತೇ ಪ್ರವಾಸದ ದಿನವನ್ನು ಗೊತ್ತುಮಾಡತಕ್ಕದ್ದು. ಯೂರೋಪಿನ ಶೀತದೇಶಗಳಲ್ಲಿ ದ್ರಾಕ್ಷಿಯ ಬಳ್ಳಿ ಚಳಿಗಾಲದಲ್ಲಿ ಎಲೆಯನ್ನೆಲ್ಲ ಉದುರಿಸಿ ನಿದ್ರಿಸುತ್ತದೆ, ವಸಂತದಲ್ಲಿ ಎಚ್ಚರಗೊಳ್ಳುತ್ತದೆ. ಅದನ್ನು ಮಲಗಿಸುವಷ್ಟು ಚಳಿ ನಮ್ಮಲ್ಲಿಲ್ಲವಾದ ಕಾರಣ, ಬಳ್ಳಿ ವರ್ಷಪೂರ್ತಿ ಹಸುರಾಗಿಯೇ ಇದ್ದುಬಿಡುತ್ತದೆ. ಆದಕಾರಣ ನಮ್ಮ ರೈತರು ಕತ್ತರಿಯಿಂದಲೇ ಋತುಗಳನ್ನು ನಿರ್ಮಿಸಿಕೊಂಡಿದ್ದಾರೆ. ವಿಜಯಪುರದ ಕಡೆಯವರು ಚಾಟ್ನಿ ಎಂದು ಕರೆಯುವ ಈ ಸವರುವಿಕೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಏಪ್ರಿಲ್ ತಿಂಗಳ ಸುಮಾರಿಗೆ, ಫಸಲು ಮುಗಿದ ಬಳ್ಳಿಯ ಕಡ್ಡಿಗಳನ್ನು ಬುಡದ ಕಣ್ಣಿನವರೆಗೂ ಕತ್ತರಿಸಿ ತೋಟವನ್ನು ಬೋಳು ಮಾಡುತ್ತಾರೆ; ಅಲ್ಲಿಂದ ಚಿಗುರಿದ ಹೊಸ ಕಡ್ಡಿಗಳು ಬೇಸಗೆಯಲ್ಲಿ ಬಲಿಯುತ್ತವೆ. ಹೀಗೆ ಬಲಿಯುತ್ತಿರುವಾಗ, ಚಾಟ್ನಿಯಾದ ಒಂದೂವರೆ ಎರಡು ತಿಂಗಳಲ್ಲಿ, ಕಡ್ಡಿಯ ಮೊಗ್ಗಿನೊಳಗೆ ಮುಂದಿನ ಗೊಂಚಲಿನ ಅಂಕುರ ರೂಪುಗೊಳ್ಳುತ್ತದೆಂಬುದು ನನಗೆ ಈ ಕೃಷಿಯ ಅತ್ಯಂತ ಸೋಜಿಗದ ಸಂಗತಿಯೆನ್ನಿಸುತ್ತದೆ. ಮುಂದಿನ ಫೆಬ್ರವರಿಯ ಫಲ ಜೂನಿನ ಹೊತ್ತಿಗೇ ನಿಶ್ಚಯವಾಗಿರುತ್ತದೆ, ಆದರೆ ಅದನ್ನು ಹೊರಗಿನ ಕಣ್ಣು ಕಾಣಲಾರದು. ಅಕ್ಟೋಬರಿನಲ್ಲಿ ಎರಡನೆಯ ಚಾಟ್ನಿ. ಆಗ ಕಡ್ಡಿಯ ತುದಿಯನ್ನು ಮಾತ್ರ ಸವರುತ್ತಾರೆ. ಹತ್ತು ಹನ್ನೆರಡು ದಿನದಲ್ಲಿ ಕಣ್ಣು ಒಡೆದು, ಸುಮಾರು ನಲವತ್ತು ದಿನಕ್ಕೆ ಹೂ ಬಂದು, ಮೂರು ತಿಂಗಳ ಹೊತ್ತಿಗೆ ಕಾಯಿ ಬಣ್ಣ ತಿರುಗಿ, ನಾಲ್ಕು ನಾಲ್ಕೂವರೆ ತಿಂಗಳಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಬೆಂಗಳೂರು ಬ್ಲೂ ಮಾತ್ರ ದಕ್ಷಿಣದ ಈ ಹವೆಯಲ್ಲಿ ವರ್ಷಕ್ಕೆ ಎರಡು ಫಸಲನ್ನೂ ಕೊಡಬಲ್ಲುದು.

ಈ ಲೆಕ್ಕದಿಂದ ನಗರವಾಸಿಯಾದ ಅತಿಥಿಗೆ ಅತ್ಯಂತ ಪ್ರಶಸ್ತವಾದ ಕಾಲವೆಂದರೆ ಸಂಕ್ರಾಂತಿ ಕಳೆದ ಮೇಲಿನಿಂದ ಮಾರ್ಚಿಯ ಆರಂಭದವರೆಗೆ. ಹಣ್ಣು ಕಾಣಸಿಗುವುದೆಂಬುದು ಅದಕ್ಕೆ ಒಂದು ಕಾರಣ; ಅದಕ್ಕಿಂತ ಹೆಚ್ಚಿನ ಇನ್ನೊಂದು ಕಾರಣವನ್ನು ಪ್ರವಾಸದ ಕೈಪಿಡಿಗಳು ಹೇಳುವುದಿಲ್ಲ. ದ್ರಾಕ್ಷಿ ಬಹಳ ಸುಕುಮಾರವಾದ ಬೆಳೆ. ಬೂದಿರೋಗ, ಬೂಜುರೋಗಗಳ ಭಯದಿಂದ ಅಕ್ಟೋಬರಿನ ಚಾಟ್ನಿಯ ನಂತರ ಎಳೆಯ ಚಿಗುರಿಗೆ ಮೇಲಿಂದ ಮೇಲೆ ಔಷಧ ಹೊಡೆಯಬೇಕಾಗುತ್ತದೆ, ಮೋಡವೋ ಮಂಜೋ ಕವಿದರಂತೂ ರೈತನಿಗೆ ಬಿಡುವೇ ಇಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿದ ಬೋರ್ಡೋ ದ್ರಾವಣ ಇವುಗಳಲ್ಲಿ ಹಳೆಯದು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ರೈತರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಇಂಥದೊಂದು ನೀಲಿಬಣ್ಣವನ್ನು ಬಳಿಯುತ್ತಿದ್ದುದನ್ನು ಕಂಡ ಮಿಯಾರ್ಡೆ ಎಂಬ ಸಸ್ಯವಿಜ್ಞಾನಿ, ಬಣ್ಣ ಬಿದ್ದ ಬಳ್ಳಿಗೆ ರೋಗ ತಗುಲದಿರುವುದನ್ನು ಗಮನಿಸಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಅನಂತರ ಬಂದ ಔಷಧಗಳು ಅನೇಕ. ಕೊಯ್ಲು ಸಮೀಪಿಸಿದಂತೆ, ಹಣ್ಣಿನಲ್ಲಿ ಔಷಧದ ಅಂಶ ಉಳಿಯಬಾರದೆಂಬ ನಿಯಮದಿಂದ ಸಿಂಪಡಣೆ ನಿಲ್ಲುತ್ತದೆ. ತೋಟದ ಗಾಳಿ ಶುದ್ಧವಾಗಿರುವ ಕಾಲ ಅದು. ಯಾವ ತಿಂಗಳಿನಲ್ಲಿ ಹೋಗುವವರಾದರೂ, ಕೋಣೆ ಕಾದಿರಿಸುವ ಮೊದಲೇ, ತಾವು ತಂಗುವ ದಿನಗಳಲ್ಲಿ ಔಷಧ ಹೊಡೆಯುವುದುಂಟೋ, ಉಂಟಾದರೆ ಯಾವ ಭಾಗಕ್ಕೆ, ಹೊಡೆದ ಎಷ್ಟು ಹೊತ್ತಿನ ಮೇಲೆ ಸಾಲುಗಳೊಳಗೆ ಕಾಲಿಡಬಹುದು ಎಂಬುದನ್ನು ನಿಸ್ಸಂಕೋಚವಾಗಿ ಕೇಳಬೇಕು. ಆಸ್ತಮಾ ಇರುವವರು, ಗರ್ಭಿಣಿಯರು, ಮಕ್ಕಳೊಂದಿಗೆ ಹೋಗುವವರು ಇದನ್ನು ಕೇಳದೆ ಹೋಗಲೇಬಾರದು.

ಸ್ಥಳದ ಆಯ್ಕೆಯಲ್ಲಿ ದೀರ್ಘ ವಿಚಾರ ಬೇಕಿಲ್ಲ. ದೊಡ್ಡಬಳ್ಳಾಪುರದ ಬಳಿಯ ರಘುನಾಥಪುರದಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞರ ನೆರವಿನಿಂದ 1980ರ ದಶಕದಲ್ಲಿ ಆರಂಭಿಸಿದ ತೋಟವೂ ವೈನ್ ತಯಾರಿಸುವ ಘಟಕವೂ ಸಂದರ್ಶಕರಿಗೆ ತೆರೆದಿವೆ. ಫ್ರಾನ್ಸಿನ ಕ್ಯಾಬರ್ನೆ, ಶಿರಾಜ್ ಮುಂತಾದ ತಳಿಗಳು ನಂದಿಯ ನೆರಳಿನಲ್ಲಿ ನೆಲೆಗೊಂಡದ್ದು ಅಲ್ಲಿಂದ. 2007ರಲ್ಲಿ ರಾಜ್ಯಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಇಂಥ ಉದ್ಯಮಗಳು ರಾಜ್ಯದ ಬೇರೆಡೆಗಳಲ್ಲಿಯೂ ತಲೆಯೆತ್ತಿದವು. ದೂರ ಹೋಗಬಲ್ಲವರಿಗೆ ಮಹಾರಾಷ್ಟ್ರದ ನಾಸಿಕ ಉಂಟು. ತೋಟದ ನಡುವೆಯೇ ತಂಗುವ ವ್ಯವಸ್ಥೆ ಅಲ್ಲಿ ಹೆಚ್ಚು ಬೆಳೆದಿದೆ. ಆದರೆ ಆಡಂಬರದ ವಸತಿಗಿಂತ, ದ್ರಾಕ್ಷಿಯ ಹೋಬಳಿಗಳಲ್ಲಿ ರೈತರೇ ನಡೆಸುವ, ಅಥವಾ ತೋಟಗಳ ನಡುವೆ ಇರುವ ಚಿಕ್ಕ ಹೋಂಸ್ಟೇಗಳೇ ನಮ್ಮ ಉದ್ದೇಶಕ್ಕೆ ಮೇಲು. ವಿವಾಹ, ಸಂಗೀತಕೂಟ, ಕಚೇರಿಯವರ ಸಂತೋಷಕೂಟಗಳಿಗೆ ಜಾಗ ಕೊಡುವ ವಸತಿಯಾದರೆ, ಧ್ವನಿವರ್ಧಕದ ಸದ್ದು ನಡುರಾತ್ರಿಯವರೆಗೂ ಬಿಡದು. ಸೋಮವಾರ ಹೋಗಿ ಶುಕ್ರವಾರ ಮರಳುವುದೇ ಕ್ಷೇಮ. ವಾರಾಂತ್ಯದಲ್ಲಿ ನಂದಿಯ ತಪ್ಪಲೆಲ್ಲ ಜನಜಂಗುಳಿ. ಕೋಣೆಯಲ್ಲಿ ದೂರದರ್ಶನವಿದ್ದರೆ ಅದನ್ನು ತೆಗೆಸಲು, ಇಲ್ಲವೇ ಬಟ್ಟೆ ಮುಚ್ಚಿಸಲು ಮೊದಲೇ ಹೇಳಿಡಬೇಕು. ಗೋಡೆಯ ಮೇಲೆ ಅದು ಕಾಣುತ್ತಿದ್ದರೆ ಎರಡನೆಯ ಸಂಜೆಗೆ ಯಾರಾದರೊಬ್ಬರು ಗುಂಡಿ ಒತ್ತಿಯೇ ಒತ್ತುತ್ತಾರೆ.

ಇನ್ನು ಈ ಯೋಜನೆಯ ಹೃದಯಭಾಗಕ್ಕೆ ಬರುತ್ತೇನೆ. ಮೊಬೈಲನ್ನು ಬಿಟ್ಟಿರುವುದು ಮನೋಬಲದ ಪ್ರಶ್ನೆಯೆಂದು ಬಹುಜನರು ತಿಳಿದಿದ್ದಾರೆ. ನನ್ನ ನಂಬಿಕೆಯಂತೆ ಅದು ಮುಖ್ಯವಾಗಿ ಏರ್ಪಾಟಿನ ಪ್ರಶ್ನೆ. ಇಂದು ಮೊಬೈಲು ಬರಿಯ ಮಾತಿನ ಸಾಧನವಾಗಿ ಉಳಿದಿಲ್ಲವಷ್ಟೆ. ಅದೇ ಗಡಿಯಾರ, ಅದೇ ಅಲಾರಂ, ಅದೇ ಟಾರ್ಚು, ಅದೇ ದಾರಿ ತೋರುವ ಪಟ, ಅದೇ ಕ್ಯಾಮೆರಾ, ಅದೇ ಹಣದ ಚೀಲ, ಅದೇ ಗುರುತಿನ ಚೀಟಿ, ಅದೇ ವೈದ್ಯರ ಚೀಟಿಗಳ ಕಡತ. ಇಷ್ಟು ಕೆಲಸಗಳನ್ನು ಒಪ್ಪಿಸಿಕೊಂಡ ವಸ್ತುವನ್ನು ಯಾವ ಬದಲಿ ವ್ಯವಸ್ಥೆಯನ್ನೂ ಮಾಡದೆ ಪೆಟ್ಟಿಗೆಯೊಳಗಿಟ್ಟರೆ, ಸಮಯ ಎಷ್ಟೆಂದು ನೋಡುವುದಕ್ಕಾಗಿ ಅದನ್ನು ಹೊರತೆಗೆದವರು ಸಮಯವನ್ನು ನೋಡಿದಮೇಲೂ ಅರ್ಧಗಂಟೆ ಅದರಲ್ಲೇ ಇರುತ್ತಾರೆ. ಆದುದರಿಂದ ಒಂದೊಂದು ಕೆಲಸಕ್ಕೂ ಒಂದೊಂದು ಹಳೆಯ ಸಾಧನವನ್ನು ಹಿಂದಕ್ಕೆ ಕರೆತರಬೇಕು. ಕೈಗಡಿಯಾರ ಮಣಿಕಟ್ಟಿನಲ್ಲಿರಲಿ, ಮುಂಜಾನೆ ಏಳುವುದಕ್ಕೆ ಚಿಕ್ಕ ಅಲಾರಂ ಗಡಿಯಾರ, ತೋಟದ ದಾರಿಯಲ್ಲಿ ಹಾವು ಹರಿದಾಡುವುದರಿಂದ ಪ್ರತಿಯೊಬ್ಬರಿಗೂ ಒಳ್ಳೆಯ ಟಾರ್ಚು. ಕೊನೆಯ ಕೆಲವು ಮೈಲಿಯ ದಾರಿಯನ್ನು, ಯಾವ ಊರಿನ ಯಾವ ಗುಡಿಯ ಬಳಿ ಹೊರಳಬೇಕೆಂಬ ಗುರುತಿನೊಂದಿಗೆ, ಮನೆಯವರಿಂದಲೇ ಕೇಳಿ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಹಳ್ಳಿಯ ಅಂಗಡಿಯಲ್ಲಿಯೂ ಈಚೆಗೆ ಫೋನಿನಿಂದಲೇ ಹಣ ಸಲ್ಲಿಸುವ ರೂಢಿ ಬಂದಿರುವುದರಿಂದ, ನೋಟುಗಳನ್ನು, ಅದರಲ್ಲಿಯೂ ಚಿಲ್ಲರೆಯಾಗುವ ಸಣ್ಣ ನೋಟುಗಳನ್ನು, ಸಾಕಷ್ಟು ಒಯ್ಯಬೇಕು. ಆಧಾರ್ ಮೊದಲಾದ ಗುರುತಿನ ಪತ್ರ, ವಸತಿಯ ರಸೀದಿ, ರಕ್ತದೊತ್ತಡ ಮಧುಮೇಹಗಳಿರುವವರ ಔಷಧದ ಪಟ್ಟಿ, ಇವೆಲ್ಲ ಕಾಗದದ ರೂಪದಲ್ಲಿರಬೇಕು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ನಿಲ್ದಾಣ ಉಂಟು. ಆ ಸಾವಧಾನದ ರೈಲಿನಲ್ಲಿ ಬಂದಿಳಿಯುವವರಿಗೆ ನಗರದ ಧಾವಂತದಿಂದ ಬಿಡುಗಡೆ ದಾರಿಯಲ್ಲಿಯೇ ಆರಂಭವಾಗುತ್ತದೆ, ಹೊರಡುವ ಮುನ್ನ ಬಂಡಿಯ ವೇಳೆಯನ್ನು ವಿಚಾರಿಸಿಟ್ಟುಕೊಂಡರಾಯಿತು.

ಸಾಧನಗಳಿಗಿಂತ ಸಂಬಂಧಗಳ ಏರ್ಪಾಟು ಸೂಕ್ಷ್ಮವಾದದ್ದು. ನಾಲ್ಕು ದಿನ ಉತ್ತರಿಸದೆ ಇದ್ದರೆ ವೃದ್ಧ ತಂದೆತಾಯಿಗಳು ಗಾಬರಿಪಡುತ್ತಾರೆ; ಕಚೇರಿಯಲ್ಲಿ ಅಸಮಾಧಾನವಾಗುತ್ತದೆ; ಆ ಗಾಬರಿ ಅಸಮಾಧಾನಗಳ ಕಲ್ಪನೆಯೇ ತೋಟದಲ್ಲಿರುವವನ ನೆಮ್ಮದಿಯನ್ನು ಕದಡುತ್ತದೆ. ಆದಕಾರಣ ಹೊರಡುವುದಕ್ಕೆ ಒಂದು ವಾರ ಮುಂಚೆಯೇ, ಯಾವ ದಿನದಿಂದ ಯಾವ ದಿನದವರೆಗೆ ಫೋನು ಮೌನವಾಗಿರುವುದೆಂಬುದನ್ನು ಆಪ್ತರಿಗೆಲ್ಲ ತಿಳಿಸಿ, ತುರ್ತಿನ ಪ್ರಸಂಗಕ್ಕಾಗಿ ತಂಗುವ ಮನೆಯ ಒಡೆಯರ ಫೋನಿನ ಸಂಖ್ಯೆಯನ್ನು, ಅವರ ಒಪ್ಪಿಗೆ ಪಡೆದು, ಇಬ್ಬರು ಮೂವರಿಗೆ ಮಾತ್ರ ಕೊಟ್ಟಿರಬೇಕು. ತುರ್ತು ಎಂಬುದಕ್ಕೆ ಏನರ್ಥವೆಂಬುದನ್ನೂ ಅವರೊಂದಿಗೆ ಆಗಲೇ ಮಾತಾಡಿಕೊಳ್ಳುವುದು ಒಳಿತು. ಬಂದಿಳಿದ ಕೂಡಲೇ ಎಲ್ಲರ ಫೋನುಗಳನ್ನೂ ಆರಿಸಿ ಒಂದು ಚೀಲದಲ್ಲಿ ಹಾಕಿ ಒಡೆಯರ ಬೀರುವಿನಲ್ಲಿ ಇರಿಸಿದರೆ, ಬೇಕಾದಾಗ ಕೇಳಿ ಪಡೆಯಬೇಕಾಗುವ ಆ ಸಣ್ಣ ಸಂಕೋಚವೇ ದೊಡ್ಡ ರಕ್ಷಣೆ. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಮಕ್ಕಳಿಂದ ಕಸಿದುಕೊಂಡು ದೊಡ್ಡವರು ಇಟ್ಟುಕೊಂಡರೆ ಮಕ್ಕಳಿಗೆ ಅದು ಶಿಕ್ಷೆಯಾಗಿ ತೋರುತ್ತದೆ, ವಿಶ್ರಾಂತಿಯಾಗಿ ಅಲ್ಲ.

ಎಲ್ಲರೂ ಒಟ್ಟಾಗಿ ಬಿಟ್ಟಾಗ ಬಿಡುವುದು ಎಷ್ಟು ಸುಲಭವಾಗುತ್ತದೆಂಬುದಕ್ಕೆ ದ್ರಾಕ್ಷಿಯ ನಾಡಿನಿಂದಲೇ ಒಂದು ದೃಷ್ಟಾಂತ ದೊರೆಯುತ್ತದೆ. ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದಲ್ಲಿ 2022ರಿಂದ ಪ್ರತಿದಿನ ಸಂಜೆ ಏಳು ಗಂಟೆಗೆ ದೇವಸ್ಥಾನದ ಮೇಲಿನ ಸೈರನ್ ಕೂಗುತ್ತದೆ. ಆಗ ಊರಿನವರೆಲ್ಲ ಫೋನು, ಟಿವಿಗಳನ್ನು ಆರಿಸಿ, ಒಂದೂವರೆ ಗಂಟೆಯ ಕಾಲ ಓದು ಬರಹ ಮಾತುಕತೆಗಳಲ್ಲಿ ತೊಡಗುತ್ತಾರೆ. ಕೋವಿಡ್ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳು ಪರದೆಗೆ ಅಂಟಿಕೊಂಡದ್ದನ್ನು ಕಂಡು ಪಂಚಾಯಿತಿಯೇ ಕೈಗೊಂಡ ತೀರ್ಮಾನ ಅದು. ಬೆಳಗಾವಿಯ ಪಕ್ಕದ ಹಲಗಾ ಗ್ರಾಮದಲ್ಲಿಯೂ ಇಂಥ ಸಂಜೆಯ ಸೈರನ್ ಈಚೆಗೆ ಆರಂಭವಾಯಿತು. ಒಂದು ಊರಿಗೆ ಊರೇ ನಿತ್ಯವೂ ನಡೆಸಬಲ್ಲ ವ್ರತವನ್ನು ಒಂದು ಕುಟುಂಬ ನಾಲ್ಕು ದಿನ ನಡೆಸಲಾರದೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಮೊದಲನೆಯ ದಿನ ಮಾತ್ರ ಕಷ್ಟವೇ. ಕೈ ಬರಿದೆನ್ನಿಸುವುದು, ಎಲ್ಲೋ ಗಂಟೆ ಬಾರಿಸಿತೆಂದು ಕಿವಿ ಭ್ರಮಿಸುವುದು, ಕಾರಣವಿಲ್ಲದೆ ಸಿಡುಕು, ಮಧ್ಯಾಹ್ನದ ವೇಳೆಗೆ ಅಸಾಧ್ಯವಾದ ತೂಕಡಿಕೆ, ಇವುಗಳನ್ನು ನಿರೀಕ್ಷಿಸಿಯೇ ಹೋಗಬೇಕು. ತೂಕಡಿಕೆ ಬಂದರೆ ಮಲಗಿಬಿಡುವುದೇ ಸರಿ. ತಿಂಗಳುಗಟ್ಟಲೆಯ ನಿದ್ರೆಯ ಸಾಲ ತೀರುತ್ತಿದೆಯೆಂದು ತಿಳಿಯಬೇಕು. ಅಂದಿನ ದಿನಕ್ಕೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳದಿರುವುದು ಲೇಸು. ಎರಡನೆಯ ದಿನದಿಂದ ತೋಟದ ದಿನಚರಿಗೆ ಹೊಂದಿಕೊಳ್ಳಬಹುದು. ವೈನಿನ ದ್ರಾಕ್ಷಿಯನ್ನು ಬಿಸಿಲೇರುವ ಮೊದಲೇ, ಹಣ್ಣು ತಂಪಾಗಿರುವಾಗಲೇ ಕೊಯ್ಯುತ್ತಾರೆ. ಆದ್ದರಿಂದ ನಸುಕಿನಲ್ಲಿ ಎದ್ದವರಿಗೆ ಅದನ್ನು ನೋಡುವ ಅವಕಾಶ. ಒಡೆಯರು ಅನುಮತಿಯಿತ್ತರೆ ಚಿಕ್ಕ ಕತ್ತರಿಯನ್ನು ಹಿಡಿದು ಒಂದು ಸಾಲಿನಲ್ಲಿ ಕೊಯ್ಯಬಹುದು. ಗೊಂಚಲನ್ನು ಅಂಗೈಯಲ್ಲಿ ಆಧರಿಸಿ, ತೊಟ್ಟನ್ನು ಕತ್ತರಿಸಿ, ಕ್ರೇಟಿನಲ್ಲಿ ನಯವಾಗಿ ಇಳಿಸುವ ಆ ಕೆಲಸದಲ್ಲಿ ಎರಡು ಗಂಟೆ ಕಳೆದವರಿಗೆ ಮನಸ್ಸು ಎಲ್ಲಿಯೂ ಹೋಗದೆ ಕೈಯಲ್ಲೇ ನಿಂತಿದ್ದುದು ಆಮೇಲೆ ಅರಿವಾಗುತ್ತದೆ. ಹಣ್ಣು ಪಕ್ವವಾಯಿತೇ ಎಂಬುದನ್ನು ಅವರು ಪರೀಕ್ಷಿಸುವ ಕ್ರಮವೂ ನೋಡತಕ್ಕದ್ದೇ: ರಸದ ಒಂದು ಹನಿಯನ್ನು ಸಣ್ಣ ಮಾಪಕದ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದು ಸಕ್ಕರೆಯ ಅಂಶವನ್ನು ಓದುತ್ತಾರೆ, ಅನುಭವಿಗಳು ಅದರೊಂದಿಗೆ ಬೀಜವನ್ನು ಕಡಿದು, ಅದು ಹಸುರು ಕಳೆದು ಕಂದಾಗಿದೆಯೇ, ಒಗರು ಇಳಿದಿದೆಯೇ ಎಂದೂ ನೋಡುತ್ತಾರೆ. ಮಾರುಕಟ್ಟೆಯ ತಿನ್ನುವ ಹಣ್ಣಿನ ತೋಟವಾದರೆ, ಎಳೆಯ ಗೊಂಚಲಿನಲ್ಲಿ ಒತ್ತಾದ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಉಳಿದವಕ್ಕೆ ಬೆಳೆಯಲು ಎಡೆ ಮಾಡಿಕೊಡುವ ಹೆಣ್ಣುಮಕ್ಕಳ ಕೈಚಳಕವನ್ನು ಕಾಣಬಹುದು. ಅವರೊಂದಿಗೆ ಮಾತಿಗೆ ಕುಳಿತರೆ ಅವರ ಕೂಲಿ, ಮಕ್ಕಳ ಶಾಲೆ, ಈ ವರ್ಷದ ಅಕಾಲಮಳೆ, ಸಾವಿರ ಅಡಿ ಮೀರಿ ಕೊರೆದರೂ ನೀರು ಕಾಣದ ಕೊಳವೆಬಾವಿ, ಇವೆಲ್ಲ ಬರುತ್ತವೆ. ಈ ಮಾತುಗಳಿಗೆ ಕಿವಿಗೊಡದೆ ಬರಿಯ ಹಸುರನ್ನು ನೋಡಿ ಬಂದವರು ತೋಟವನ್ನು ಅರ್ಧವೇ ನೋಡಿದಂತೆ.

ಬಿಸಿಲೇರಿದ ಮೇಲೆ ಸ್ನಾನ, ಊಟ. ಜನವರಿಯಲ್ಲಿ ಹೋದವರಿಗೆ ಈ ಸೀಮೆಯ ಸೊಗಡವರೆಯ ಕಾಲ. ಹಿತಕಿದ ಅವರೆಬೇಳೆಯ ಸಾರು, ಬಿಸಿ ರಾಗಿಮುದ್ದೆ, ಸೊಪ್ಪಿನ ಪಲ್ಯ ಇವನ್ನೇ ಮಾಡಿಕೊಡಿರೆಂದು ಕೇಳಿಕೊಳ್ಳಬೇಕು. ಊಟದ ನಂತರ ಚಪ್ಪರದ ನೆರಳಿನಲ್ಲಿ ಓದುವುದಕ್ಕೆ ಅಚ್ಚಾದ ಪುಸ್ತಕಗಳು ಎರಡು ಮೂರಿದ್ದರೆ ಸಾಕು. ಪತ್ರ ಬರೆಯುವ ಅಭ್ಯಾಸವಿದ್ದವರು ಅಂಚೆಯ ಕಾರ್ಡುಗಳನ್ನು ಒಯ್ಯಬಹುದು. ಸಂಜೆ ನಡಿಗೆಗೆ ನಂದಿಗ್ರಾಮದ ಭೋಗನಂದೀಶ್ವರನ ಗುಡಿಗಿಂತ ಉತ್ತಮವಾದ ಎಡೆಯನ್ನು ನಾನರಿಯೆ. ಒಂಬತ್ತನೆಯ ಶತಮಾನದಿಂದ ರಾಜವಂಶಗಳು ಒಂದಾದಮೇಲೊಂದರಂತೆ ಬೆಳೆಸುತ್ತ ಬಂದ ಆ ದೇವಾಲಯದ ಕಲ್ಯಾಣಿಯ ಮೆಟ್ಟಿಲಲ್ಲಿ ಕುಳಿತರೆ ಹೊತ್ತು ಇಳಿದುದೇ ತಿಳಿಯುವುದಿಲ್ಲ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯೂ ಸಮೀಪವೇ.

ವೈನಿನ ವಿಚಾರವನ್ನು ಮರೆಮಾಚದೆ ಹೇಳಬೇಕು. ದ್ರಾಕ್ಷಿಯ ತೋಟವೆಂದೊಡನೆ ಬಟ್ಟಲಿನ ನೆನಪಾಗುವವರು ಬಹಳ ಮಂದಿ, ಆರೋಗ್ಯಕ್ಕೆ ಕೆಂಪು ವೈನು ಹಿತವೆಂಬ ಮಾತೂ ಬಹುಕಾಲದಿಂದ ಪ್ರಚಾರದಲ್ಲಿದೆ. ಆದರೆ ಮದ್ಯವನ್ನು ಎಷ್ಟು ಕಡಮೆ ಸೇವಿಸಿದರೂ ಅದು ನಿರಪಾಯವೆಂದು ಹೇಳಬಹುದಾದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಸಾರಿದೆ. ಮದ್ಯ ಬೇಗ ನಿದ್ರೆ ಹತ್ತಿಸಿದರೂ ರಾತ್ರಿಯ ಉತ್ತರಾರ್ಧದಲ್ಲಿ ಅದನ್ನು ಒಡೆದು ಹಾಕುತ್ತದೆ. ನಿದ್ರೆಯನ್ನು ಅರಸಿ ಬಂದವರಿಗೆ ಅದು ನಷ್ಟ. ರಸ ಹೇಗೆ ಹುದುಗುತ್ತದೆ, ಓಕ್ ಮರದ ಪೀಪಾಯಿಯಲ್ಲಿ ಏಕೆ ಇರಿಸುತ್ತಾರೆ ಎಂಬುದನ್ನು ತಿಳಿಯುವುದರಲ್ಲಿ ಸ್ವಾರಸ್ಯವಿದೆ, ಅದನ್ನು ಅವಶ್ಯವಾಗಿ ನೋಡಲಿ. ವಿಶ್ರಾಂತಿಯ ದಿನಗಳಿಗೆ ಮಾತ್ರ ಹಣ್ಣೇ ಸಾಕೆಂಬುದು ನನ್ನ ಅಭಿಮತ. ಚರಕಸಂಹಿತೆ ಫಲಗಳಲ್ಲೆಲ್ಲ ದ್ರಾಕ್ಷಿಯನ್ನೇ ಶ್ರೇಷ್ಠವೆಂದು ಎಣಿಸಿದೆ. ಮಧುಮೇಹವಿದ್ದವರು ಅದನ್ನೂ ಮಿತಿಯಲ್ಲಿ ತಿನ್ನಬೇಕು. ಯಾರೇ ಆಗಲಿ ಬಳ್ಳಿಯಿಂದ ನೇರವಾಗಿ ಕಿತ್ತು ಬಾಯಿಗಿಡದೆ, ಚೆನ್ನಾಗಿ ತೊಳೆದು ತಿನ್ನಬೇಕು.

ನಂದಿಯ ಸೀಮೆಯನ್ನು ಒಮ್ಮೆ ನೋಡಿಬಂದವರು ಎರಡನೆಯ ಬಾರಿಗೆ ವಿಜಯಪುರದ ಕಡೆಗೆ ಹೋಗಬಹುದು. ಅಲ್ಲಿನ ದ್ರಾಕ್ಷಿ ಹೆಚ್ಚಾಗಿ ಬೀಜವಿಲ್ಲದ ಥಾಮ್ಸನ್ ಜಾತಿಯದು, ಅದರ ಬಹುಭಾಗ ಒಣದ್ರಾಕ್ಷಿಯಾಗುತ್ತದೆ. ಕೊಯ್ದ ಗೊಂಚಲನ್ನು ಒಂದು ದ್ರಾವಣದಲ್ಲಿ ಅದ್ದಿ ಸಿಪ್ಪೆಯ ಮೇಣವನ್ನು ಸಡಿಲಿಸಿ, ಶೆಡ್ಡಿನ ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿದರೆ, ಬಯಲುಸೀಮೆಯ ಒಣಗಾಳಿಗೆ ಎರಡು ವಾರದೊಳಗೆ ಹಸುರು ಹಣ್ಣು ಹೊಂಬಣ್ಣಕ್ಕೆ ತಿರುಗುತ್ತದೆ. ಫೆಬ್ರವರಿಯ ನಡುವೆ ಹೋಗುವುದು ಯೋಗ್ಯ. ಮಾರ್ಚಿಯ ಕೊನೆಯಿಂದ ಅಲ್ಲಿನ ಬಿಸಿಲು ಹೊರಗಿನವರಿಗೆ ತಡೆಯಲಾರದಷ್ಟಾಗುತ್ತದೆ. ಹೋಗುವ ದಿನವನ್ನು ಗೊತ್ತುಮಾಡುವ ಮೊದಲು ತೋಟದವರಿಗೆ ಒಂದು ಮಾತು ಕೇಳಿ, ಈ ವರ್ಷ ಚಾಟ್ನಿಯಾದದ್ದು ಯಾವಾಗ ಎಂದು. ಕೊಯ್ಲು ಯಾವ ವಾರಕ್ಕೆ ಬರುವುದೆಂಬುದನ್ನು ಅವರು ಬೆರಳೆಣಿಸಿ ಹೇಳುತ್ತಾರೆ.